ಯುದ್ಧಾಂತರ ಕಾಲದ ವಿಮಾನಬಲವೂ ಬೆಂಗಳೂರಿನ ಕಾರ್ಖಾನೆಯೂ

ಎರಡು ಮಹಾಯುದ್ಧಗಳ ನಡುವಣ ಇಪ್ಪತ್ತೊಂದು ವರ್ಷಗಳಲ್ಲಿ ವಿಮಾನಬಲವನ್ನು ಕುರಿತು ನಡೆದ ಚರ್ಚೆಯು ಬಹುಮಟ್ಟಿಗೆ ಬಾಂಬನ್ನು ಕುರಿತ ಚರ್ಚೆಯೇ ಆಗಿದ್ದಿತು. ಇಟಲಿಯ ಸೇನಾನಿ ದೂಹೆಯು 1921ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಆಕಾಶದ ಮೇಲೆ ಪ್ರಭುತ್ವವನ್ನು ಪಡೆದ ರಾಷ್ಟ್ರವು ಶತ್ರುವಿನ ನಗರಗಳನ್ನೇ ನೇರವಾಗಿ ಹೊಡೆದು ಯುದ್ಧವನ್ನು ಬೇಗನೆ ಮುಗಿಸಬಲ್ಲುದೆಂದು ವಾದಿಸಿದನು. ಬ್ರಿಟನ್ನಿನಲ್ಲಿ ಟ್ರೆಂಚರ್ಡನೂ ಅಮೆರಿಕದಲ್ಲಿ ಮಿಚೆಲನೂ ಇದಕ್ಕೆ ಸಮೀಪವಾದ ಮತವನ್ನೇ ಹಿಡಿದರು. ಆದರೆ ಬಾಂಬನ್ನು ಹೊರುವ ವಿಮಾನವನ್ನು ಕಟ್ಟಬಲ್ಲವರು ಯಾರು? ಮೈಸೂರು ಸೀಮೆಯ ವಾಚಕರಿಗೆ ಈ ಪ್ರಶ್ನೆಯೇ ಹೆಚ್ಚು ಹತ್ತಿರದ್ದು.

ಜರ್ಮನಿಯ ದೃಷ್ಟಾಂತವನ್ನು ನೋಡಬಹುದು. ವರ್ಸೇಲ್ಸ್ ಒಪ್ಪಂದವು ಆ ದೇಶಕ್ಕೆ ವಾಯುಸೇನೆಯನ್ನು ನಿಷೇಧಿಸಿತು. ಆದರೂ ಗ್ಲೈಡರುಗಳ ಹಾರಾಟವೂ, ಕಾರ್ಖಾನೆಗಳೂ, ಗಟಿಂಗನ್ನಿನಲ್ಲಿ ಪ್ರಾಂಟ್ಲನ ವಾಯುಚಲನ ಸಂಶೋಧನೆಯೂ ನಿಲ್ಲಲಿಲ್ಲ. 1935ರಲ್ಲಿ ಹಿಟ್ಲರನು ತನ್ನ ವಾಯುಸೇನೆಯನ್ನು ಬಹಿರಂಗಪಡಿಸಿದಾಗ ಅದರ ಬೇರುಗಳು ಆಗಲೇ ಆಳಕ್ಕೆ ಇಳಿದಿದ್ದವು. ಭಾರತದ ಸ್ಥಿತಿ ಇದಕ್ಕೆ ತೀರ ವಿರುದ್ಧ. ಇಲ್ಲಿ ಸೇನೆಯಿದ್ದಿತು, ಕಾರ್ಖಾನೆಯಿರಲಿಲ್ಲ.

ವಿಮಾನಬಲದ ಪ್ರಯೋಗಕ್ಕಾದರೋ ಈ ನೆಲದಲ್ಲಿ ಕೊರತೆಯಿರಲಿಲ್ಲ. 1919ರ ಮೇ 24ರಂದು ಕಾಬೂಲಿನ ಮೇಲೆ ಬಾಂಬೆಸೆದ ಬ್ರಿಟಿಷ್ ವಿಮಾನವು ಹೊರಟುದು ವಾಯವ್ಯ ಗಡಿನಾಡಿನಿಂದ. 1925ರಲ್ಲಿ ವಜೀರಿಸ್ತಾನದ ಗುಡ್ಡಗಾಡು ಜನರ ಮೇಲೆ ಐವತ್ತಕ್ಕೂ ಹೆಚ್ಚು ದಿನ ವಿಮಾನಗಳಿಂದಲೇ ದಾಳಿ ನಡೆಯಿತು. ಪದಾತಿದಳಕ್ಕಿಂತ ಅಗ್ಗವೆಂಬುದು ಇದರ ಮುಖ್ಯ ಸಮರ್ಥನೆ. ಕೆಳಗಿದ್ದ ಹಳ್ಳಿಗಳ ಲೆಕ್ಕ ಅದರಲ್ಲಿ ಸೇರಿರಲಿಲ್ಲ. 1932ರ ಅಕ್ಟೋಬರ್ 8ರಂದು ಭಾರತೀಯ ವಾಯುಸೇನೆ ಸ್ಥಾಪಿತವಾಯಿತು. 1933ರ ಏಪ್ರಿಲ್ 1ರಂದು ಕರಾಚಿಯ ಡ್ರಿಗ್ ರೋಡಿನಲ್ಲಿ ಅದರ ಮೊದಲ ತುಕಡಿ ರೂಪುಗೊಂಡಾಗ ಅದರ ಬಳಿಯಿದ್ದವು ನಾಲ್ಕು ವಾಪಿಟಿ ವಿಮಾನಗಳು. 1939ರಲ್ಲಿ ಯುದ್ಧ ಆರಂಭವಾದಾಗ ಅಧಿಕಾರಿಗಳು 16, ಸಿಬ್ಬಂದಿ 144.

ಇದೇ ಅವಧಿಯಲ್ಲಿ ವಿಮಾನದ ಸ್ವರೂಪವೇ ಬದಲಾಯಿತು. ವಾಪಿಟಿಯು ಎರಡು ಜೊತೆ ರೆಕ್ಕೆಗಳ, ಬಟ್ಟೆ ಹೊದಿಸಿದ, ತೆರೆದ ಆಸನದ ವಿಮಾನ. 1936ರಲ್ಲಿ ಮೊದಲು ಹಾರಿದ ಸ್ಪಿಟ್‌ಫೈರಾದರೋ ಒಂದೇ ಜೊತೆ ರೆಕ್ಕೆಗಳ, ಒಳಗೆ ಮಡಿಚಿಕೊಳ್ಳುವ ಚಕ್ರಗಳ ಲೋಹಯಂತ್ರ. ಮರಗೆಲಸದ ಕುಶಲತೆಯು ಇಂತಹುದಕ್ಕೆ ಸಾಲದು. ಅಲ್ಯೂಮಿನಿಯಂ ಮಿಶ್ರಲೋಹ, ಸೂಕ್ಷ್ಮ ಯಂತ್ರೋಪಕರಣ, ಗಾಳಿಸುರಂಗ, ಇವೆಲ್ಲವೂ ಬೇಕು. ನ್ಯಾಮತಿ ಹೊನ್ನಾಳಿಗಳಿಗೆ ಬಹು ದೂರವಲ್ಲದ ಭದ್ರಾವತಿಯಲ್ಲಿ 1923ರಿಂದ ಕಬ್ಬಿಣ ತಯಾರಾಗುತ್ತಿದ್ದಿತು, ನಿಜ. ಆದರೆ ಭಾರತದಲ್ಲಿ ಅಲ್ಯೂಮಿನಿಯಂ ಉತ್ಪಾದನೆ ಮೊದಲಾದುದು 1943ರಲ್ಲಿ.

ಯುದ್ಧ ಬಂದ ಮೇಲೆಯೇ ಕಾರ್ಖಾನೆಯ ಮಾತು ಬಂದಿತು. ಉದ್ಯಮಿ ವಾಲ್‌ಚಂದ್ ಹೀರಾಚಂದರು 1939ರಲ್ಲಿ, ಚೀನಕ್ಕಾಗಿ ವಿಮಾನ ಕಾರ್ಖಾನೆ ನಡೆಸುತ್ತಿದ್ದ ಅಮೆರಿಕದ ವಿಲಿಯಂ ಪಾಲಿಯನ್ನು ಪ್ರಯಾಣದಲ್ಲಿ ಸಂಧಿಸಿ ಈ ಯೋಜನೆಯನ್ನು ಕೈಗೆತ್ತಿಕೊಂಡರು. ದಿವಾನ್ ಮಿರ್ಜಾ ಇಸ್ಮಾಯಿಲರು ಅದಕ್ಕೆ ಬೆಂಬಲವಿತ್ತರು. 1940ರ ಡಿಸೆಂಬರಿನಲ್ಲಿ ನಾಲ್ಕು ಕೋಟಿ ರೂಪಾಯಿ ಅಧಿಕೃತ ಬಂಡವಾಳದೊಡನೆ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಸಂಸ್ಥೆ ಬೆಂಗಳೂರಿನಲ್ಲಿ ನೋಂದಣಿಯಾಯಿತು. ಬೆಂಗಳೂರಿಗೇ ಏಕೆ ಎಂಬುದಕ್ಕೆ ಹವೆ ಹಿತವೆಂಬ ಉತ್ತರವೊಂದೇ ಸಾಲದು. ಶಿವನಸಮುದ್ರದಿಂದ ಬರುತ್ತಿದ್ದ ವಿದ್ಯುತ್ತು, ಭಾರತೀಯ ವಿಜ್ಞಾನ ಮಂದಿರ, ಕಡಲತೀರದಿಂದಲೂ ಗಡಿಯಿಂದಲೂ ಇದ್ದ ದೂರ, ಉದ್ಯಮಕ್ಕೆ ಹಣ ಹೂಡಲು ಒಪ್ಪಿದ ಸಂಸ್ಥಾನ, ಇವು ಒಟ್ಟಿಗೆ ದೊರೆತ ಸ್ಥಳ ಬೇರೆ ವಿರಳ.

1941ರಲ್ಲಿ ಹಾರ್ಲೊ ಎಂಬ ಶಿಕ್ಷಣವಿಮಾನವೂ ಮರುವರ್ಷ ಹಾಕ್ ಎಂಬ ಯುದ್ಧವಿಮಾನವೂ ಇಲ್ಲಿ ಜೋಡಣೆಯಾಗಿ ಹಾರಿದವು. ಎರಡರ ವಿನ್ಯಾಸವೂ ಅಮೆರಿಕದ್ದು. ಜಪಾನ್ ಬರ್ಮಾವನ್ನು ಆಕ್ರಮಿಸಿದ ತರುವಾಯ, 1942ರಲ್ಲಿ, ಭಾರತ ಸರ್ಕಾರವು ವಾಲ್‌ಚಂದರ ಪಾಲನ್ನು ಕೊಂಡು ಆಡಳಿತವನ್ನು ವಹಿಸಿಕೊಂಡಿತು. ಮುಂದೆ ನಿರ್ಮಾಣಕ್ಕಿಂತ ದುರಸ್ತಿಯೇ ಕಾರ್ಖಾನೆಯ ಮುಖ್ಯ ಕಾರ್ಯವಾಯಿತು. ಅಮೆರಿಕದ ವಾಯುಸೇನೆಯ ವಿಮಾನಗಳು ಇಲ್ಲಿಗೆ ಬರತೊಡಗಿದವು; ನೀರಿನ ಮೇಲಿಳಿಯುವ ಕ್ಯಾಟಲೀನಾಗಳಿಗೆ ಬೆಳ್ಳಂದೂರು ಕೆರೆಯೇ ನಿಲ್ದಾಣವಾಯಿತು. ದುರಸ್ತಿಯ ಕೆಲಸವನ್ನು ಕೀಳಾಗಿ ಎಣಿಸುವುದು ಸರಿಯಲ್ಲವೆಂದು ನಮಗೆ ತೋರುತ್ತದೆ. ಸಾವಿರಾರು ಕೆಲಸಗಾರರು ಲೋಹವಿಮಾನದ ಒಳಹೊರಗನ್ನು ಕಲಿತುದು ಅದರಿಂದಲೇ.

ವಿನ್ಯಾಸದ ವಿದ್ಯೆ ಬಂದುದು ಮತ್ತೊಂದು ದಾರಿಯಿಂದ. 1942ರಲ್ಲಿ ವಿಜ್ಞಾನ ಮಂದಿರದಲ್ಲಿ ವೈಮಾನಿಕ ಇಂಜಿನಿಯರಿಂಗ್ ವಿಭಾಗ ತೆರೆಯಿತು. ಅದನ್ನು ಕಟ್ಟಿ ಬೆಳೆಸಿದವರಲ್ಲಿ ಮುಖ್ಯರಾದ ವಿ. ಎಂ. ಘಾಟಗೆಯವರು 1930ರ ದಶಕದಲ್ಲಿ ಗಟಿಂಗನ್ನಿನಲ್ಲಿ ಪ್ರಾಂಟ್ಲನ ಶಿಷ್ಯರಾಗಿದ್ದವರು. ಅವರ ನೇತೃತ್ವದಲ್ಲಿ ವಿನ್ಯಾಸಗೊಂಡ ಎಚ್‌ಟಿ-2 ಶಿಕ್ಷಣವಿಮಾನವು 1951ರಲ್ಲಿ ಬೆಂಗಳೂರಿನಿಂದ ಮೇಲೇರಿತು.