ಹಸುವಿನ ಉಣ್ಣೆಜ್ವರವೂ ಮದ್ದಿನ ಪರೀಕ್ಷೆಯೂ

ಮನೆಯಲ್ಲಿ ಕರೆಯುವ ಹಸುವೊಂದಿದ್ದರೆ ಮಕ್ಕಳ ಆಹಾರವೂ ಅನೇಕ ವೇಳೆ ಅವರ ಶಾಲೆಯ ಫೀಸೂ ಅದರಿಂದಲೇ ಒದಗುವುದೆಂಬುದನ್ನು ನಮ್ಮ ವಾಚಕರು ಚೆನ್ನಾಗಿ ಬಲ್ಲರು. ಅಂಥ ಹಸುವನ್ನು ಕೆಲವೇ ದಿನಗಳಲ್ಲಿ ಕೊಂಡೊಯ್ಯುವ ಬೇನೆಗಳಲ್ಲಿ ಥೈಲೇರಿಯ ರೋಗವು ಒಂದು. ಮಿಶ್ರತಳಿಯ ಹಸುಗಳು ಇದಕ್ಕೆ ಬೇಗನೆ ತುತ್ತಾಗುವುವು. ನಾಟಿ ದನಗಳು ಹೆಚ್ಚು ತಾಳಿಕೊಳ್ಳುವುವು. ಇದರ ಮದ್ದನ್ನು ವಿದ್ವಾಂಸರು ಪರೀಕ್ಷಿಸುವ ಬಗೆಯನ್ನು ಸಂಕ್ಷೇಪವಾಗಿ ತಿಳಿಸುವೆವು.

ಈ ರೋಗಕ್ಕೆ ಕಾರಣವು ಬರಿಗಣ್ಣಿಗೆ ಕಾಣದ ಒಂದು ಏಕಕೋಶ ಜೀವಿ. ಆರ್ನಲ್ಡ್ ಥೈಲರ್ ಎಂಬ ಪಶುವೈದ್ಯರ ಹೆಸರಿನಿಂದ ಇದಕ್ಕೆ ಈ ನಾಮವು ಬಂದಿದೆ. ಉಣ್ಣೆಯು ಕಚ್ಚಿದಾಗ ಇದು ದನದ ಮೈಯನ್ನು ಸೇರಿ ಬಿಳಿಯ ರಕ್ತಕಣಗಳೊಳಗೆ ಮನೆಮಾಡುವುದು. ಆಶ್ಚರ್ಯವೇನೆಂದರೆ, ತಾನು ಹೊಕ್ಕ ಕಣವನ್ನು ಇದು ಒಡನೆ ಕೊಲ್ಲದೆ, ಎಡೆಬಿಡದೆ ಇಬ್ಭಾಗವಾಗುತ್ತಿರುವಂತೆ ಮಾಡುವುದು. ಕಣವು ಎರಡಾಗುವಾಗ ತಾನೂ ಹಂಚಿಕೊಂಡು ಎರಡರಲ್ಲಿಯೂ ಉಳಿಯುವುದು. ಹೀಗೆ ರೋಗವು ಬೆಳೆದು ಜ್ವರವೇರುವುದು, ಭುಜದ ಬಳಿಯ ಗ್ರಂಥಿಗಳು ಊದುವುವು.

ಶತ್ರುವಿನ ಈ ಗುಣವೇ ಪರೀಕ್ಷಕರಿಗೆ ನೆರವಾಯಿತು. ರೋಗಪೀಡಿತ ದನದಿಂದ ತೆಗೆದ ಕಣಗಳನ್ನು ಪೋಷಕ ದ್ರವದಲ್ಲಿರಿಸಿ 37 ಡಿಗ್ರಿಗಳ ಶಾಖದಲ್ಲಿ ಕಾಪಾಡಿದರೆ ಅವು ತಿಂಗಳುಗಟ್ಟಲೆ ವೃದ್ಧಿಯಾಗುತ್ತಿರುವುವು. ಇವನ್ನು ಸಣ್ಣ ಕುಳಿಗಳುಳ್ಳ ತಟ್ಟೆಯಲ್ಲಿ ಹಂಚಿ, ಕುಳಿಯಿಂದ ಕುಳಿಗೆ ಮದ್ದಿನ ಪ್ರಮಾಣವನ್ನು ಬದಲಿಸುವರು. ಹೋಲಿಕೆಗಾಗಿ ಕೆಲವು ಕುಳಿಗಳಿಗೆ ಮದ್ದನ್ನೇ ಹಾಕರು. ಕೆಲವು ದಿನಗಳಾದ ಮೇಲೆ ಕಣಗಳಿಗೆ ಬಣ್ಣಕೊಟ್ಟು ಸೂಕ್ಷ್ಮದರ್ಶಕದಲ್ಲಿ ಎಣಿಸುವರು. ಒಳಗಿನ ಜೀವಿಯು ಸತ್ತಿದ್ದರೆ ಕಣದ ಮಿತಿಮೀರಿದ ವೃದ್ಧಿಯೂ ನಿಲ್ಲುವುದು. ಆದರೆ ಮದ್ದು ಕಣವನ್ನೇ ಕೊಂದರೂ ವೃದ್ಧಿಯು ನಿಲ್ಲುವುದಷ್ಟೆ! ಆದುದರಿಂದ ಅದೇ ಮದ್ದನ್ನು ಆರೋಗ್ಯವುಳ್ಳ ಕಣಗಳಿಗೂ ಕೊಟ್ಟು ನೋಡುವುದು ಅವಶ್ಯ.

1976ರಲ್ಲಿ ಮೆನೋಕ್ಟೋನ್ ಎಂಬ ಮದ್ದು ಈ ರೋಗದ ಮೇಲೆ ಗುಣಕಾರಿಯೆಂದು ಪ್ರಕಟವಾಯಿತು. ಅದರ ಜಾತಿಗೆ ಸೇರಿದ ಪಾರ್ವಕ್ವೋನ್, ಬುಪಾರ್ವಕ್ವೋನ್ ಎಂಬವು ಬಳಿಕ ಬಂದುವು. ಆದರೆ ಟ್ಯುನೀಸಿಯ ಮೊದಲಾದ ದೇಶಗಳಲ್ಲಿ ಬುಪಾರ್ವಕ್ವೋನಿಗೆ ಬಗ್ಗದ ಥೈಲೇರಿಯವು ಕಾಣಿಸಿಕೊಂಡಿದೆ. ಮದ್ದು ತಗಲಬೇಕಾದ ಸ್ಥಾನವೇ ಅದರಲ್ಲಿ ಮಾರ್ಪಟ್ಟಿರುವುದು ಇದಕ್ಕೆ ಕಾರಣವೆಂದು ಕಂಡುಬಂದಿದೆ. ಆದಕಾರಣ ಹೊಸ ಮದ್ದುಗಳ ಶೋಧನೆಯು ನಿಲ್ಲುವಂತಿಲ್ಲ.

ತಟ್ಟೆಯಲ್ಲಿ ಗೆದ್ದ ಮದ್ದೆಲ್ಲವೂ ಹಟ್ಟಿಯಲ್ಲಿ ಗೆಲ್ಲದು. ಅದು ರಕ್ತದಲ್ಲಿ ಎಷ್ಟು ಹೊತ್ತು ನಿಲ್ಲುವುದು, ಹಾಲಿನಲ್ಲಿ ಎಷ್ಟು ಸೇರುವುದು ಎಂಬುದನ್ನು ಜೀವಂತ ಪಶುವೇ ತೋರಿಸಬೇಕು. ಆದರೂ ನಿಷ್ಫಲವಾದ ಮದ್ದುಗಳನ್ನು ಮೊದಲೇ ತೆಗೆದುಹಾಕಿ, ಎಷ್ಟೋ ಮೂಕಪ್ರಾಣಿಗಳನ್ನು ವ್ಯರ್ಥವಾದ ನೋವಿನಿಂದ ತಪ್ಪಿಸುವುದು ಈ ವಿಧಾನದ ಉಪಕಾರವು.

ನಮ್ಮ ಕೈಯಲ್ಲಿರುವ ಕರ್ತವ್ಯವಾದರೋ ಸರಳವಾದುದು: ಉಣ್ಣೆಗಳನ್ನು ಹತ್ತಗೊಡದಿರುವುದು, ಜ್ವರವೂ ಗ್ರಂಥಿಗಳ ಊತವೂ ಕಂಡೊಡನೆ ಪಶುವೈದ್ಯರನ್ನು ಕರೆಯಿಸುವುದು, ಹಸುವಿನ ತೂಕಕ್ಕೆ ತಕ್ಕ ಮದ್ದನ್ನು ಪೂರ್ಣವಾಗಿ ಕೊಡಿಸುವುದು. ತಡಮಾಡಿದವರಿಗೆ ಉತ್ತಮವಾದ ಮದ್ದೂ ಒದಗದು.