*ಆಸ್ಪತ್ರೆ ಬದಲಾದರೆ ಫೈಲ್ ತಾನಾಗಿ ಬರುವುದಿಲ್ಲ: ಕೇರಳದಲ್ಲಿರುವ ಕನ್ನಡ ಕುಟುಂಬಗಳಿಗೆ ಒಂದು ಮಾಹಿತಿ*



ನಮ್ಮ ಆರೋಗ್ಯ ಮಾಹಿತಿ ಸರಣಿಯಲ್ಲಿ ಈ ವಾರ ಯಾವುದೇ ಕಾಯಿಲೆಯ ಬಗ್ಗೆ ಹೇಳುತ್ತಿಲ್ಲ. ಎಲ್ಲ ಕಾಯಿಲೆಗೂ ಬೇಕಾಗುವ ಒಂದು ವಸ್ತುವಿನ ಬಗ್ಗೆ ಹೇಳುತ್ತೇವೆ. ಅದು ನಿಮ್ಮ ವೈದ್ಯಕೀಯ ದಾಖಲೆ, ಅಂದರೆ ಚೀಟಿ, ರಿಪೋರ್ಟ್, ಸ್ಕ್ಯಾನ್ ಮತ್ತು ಡಿಸ್ಚಾರ್ಜ್ ಸಾರಾಂಶ.

ಕೊಚ್ಚಿಯಲ್ಲಿ ಅಥವಾ ತಿರುವನಂತಪುರದಲ್ಲಿ ದುಡಿಯುವ ನಮ್ಮವರ ಚಿಕಿತ್ಸೆ ಒಂದೇ ಊರಿನಲ್ಲಿ ಮುಗಿಯುವುದು ಕಡಿಮೆ. ಜ್ವರಕ್ಕೆ ಮನೆ ಹತ್ತಿರದ ಕ್ಲಿನಿಕ್, ಹೆರಿಗೆಗೆ ತವರಿನ ಪುತ್ತೂರು ಅಥವಾ ಉಡುಪಿ, ದೊಡ್ಡ ಕಾಯಿಲೆಗೆ ಮಂಗಳೂರು ಅಥವಾ ತಿರುವನಂತಪುರ. ಕಾಸರಗೋಡಿನ ಕನ್ನಡಿಗರಿಗಂತೂ ಇದು ಹಳೆಯ ಅಭ್ಯಾಸ. ರೋಗಿ ಹೀಗೆ ಊರೂರು ತಿರುಗುತ್ತಾನೆ, ಆದರೆ ಅವನ ದಾಖಲೆ ಬರೆದ ಜಾಗದಲ್ಲೇ ಉಳಿಯುತ್ತದೆ.

*ಎಲ್ಲಾ ಕಂಪ್ಯೂಟರ್‌ನಲ್ಲೇ ಇದೆಯಲ್ಲ, ಮತ್ತೇನು ತೊಂದರೆ?*

ತುಂಬಾ ಜನ ಕೇಳುವ ಪ್ರಶ್ನೆ ಇದು. ಕಂಪ್ಯೂಟರ್‌ನಲ್ಲಿ ಇದೆ ನಿಜ, ಆದರೆ ಆ ಆಸ್ಪತ್ರೆಯ ಕಂಪ್ಯೂಟರ್‌ನಲ್ಲಿ. ಒಂದೊಂದು ಆಸ್ಪತ್ರೆಯೂ ಒಂದೊಂದು ಸಾಫ್ಟ್‌ವೇರ್ ಇಟ್ಟುಕೊಂಡಿರುತ್ತದೆ, ಪ್ರತಿಯೊಂದೂ ನಿಮಗೆ ಬೇರೆ ಬೇರೆ ರೋಗಿ ಸಂಖ್ಯೆ ಕೊಡುತ್ತದೆ. ಒಂದರ ಕಡತವನ್ನು ಇನ್ನೊಂದು ತೆರೆದು ಓದಲಾರದು. ಎಷ್ಟೋ ಕಡೆ ಒಂದೇ ಆಸ್ಪತ್ರೆಯ ಒಳಗೂ ಲ್ಯಾಬ್‌ಗೆ ಒಂದು, ಸ್ಕ್ಯಾನಿಂಗ್‌ಗೆ ಒಂದು, ಬಿಲ್ಲಿಂಗ್‌ಗೆ ಒಂದು ವ್ಯವಸ್ಥೆ ಇರುತ್ತದೆ.

ಇದರ ಜೊತೆಗೆ ಹೆಸರಿನ ಗೊಂದಲ ಇದೆ. ಲಕ್ಷ್ಮಿ ಎಂಬ ಹೆಸರನ್ನೇ ನೋಡಿ. ನಾವು ಇಂಗ್ಲಿಷಿನಲ್ಲಿ ಬರೆಯುವಾಗ ‘ಎಲ್’ ಆದ ಮೇಲೆ ‘ಎ’ ಬರೆಯುತ್ತೇವೆ. ತಿರುವನಂತಪುರದ ಕಡೆ ‘ಎಲ್’ ಆದ ಮೇಲೆ ‘ಇ’ ಬರೆಯುವುದು ಸಾಮಾನ್ಯ. ನಮ್ಮಲ್ಲಿ ಇನಿಶಿಯಲ್ ಹೆಸರಿನ ಮೊದಲು ಬರುತ್ತದೆ, ಕೇರಳದಲ್ಲಿ ಹೆಚ್ಚಾಗಿ ಕೊನೆಗೆ. ಕೌಂಟರ್‌ನಲ್ಲಿ ಕುಳಿತವರು ಕೇಳಿಸಿಕೊಂಡ ಹಾಗೆ ಟೈಪ್ ಮಾಡುತ್ತಾರೆ. ಮನುಷ್ಯರಿಗೆ ಇಬ್ಬರೂ ಒಬ್ಬರೇ ಎಂದು ಗೊತ್ತಾಗುತ್ತದೆ, ಕಂಪ್ಯೂಟರ್‌ಗೆ ಗೊತ್ತಾಗದೆ ಹೊಸ ಫೈಲ್ ಶುರುವಾಗುತ್ತದೆ. ಹಳೆಯ ಫೈಲಿನಲ್ಲಿದ್ದ ‘ಈ ಔಷಧ ಅಲರ್ಜಿ’ ಎಂಬ ಸಾಲು ಹೊಸ ಫೈಲಿನಲ್ಲಿ ಇರುವುದಿಲ್ಲ.

*ಇದರಿಂದ ಜೀವಕ್ಕೆ ಏನು ಅಪಾಯ?*

ಒಂದು ಉದಾಹರಣೆ ನೋಡೋಣ. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆ ಸ್ವತಃ ರೂಪಿಸಿದ ಕೃತಕ ಹೃದಯ ಕವಾಟವನ್ನು 1990ರ ಡಿಸೆಂಬರ್‌ನಲ್ಲಿ ಮೊದಲ ಸಲ ರೋಗಿಗೆ ಜೋಡಿಸಲಾಯಿತು. ನಮ್ಮ ದೇಶದ ಹೆಮ್ಮೆಯ ಕೆಲಸ ಅದು. ಇಂಥ ಲೋಹದ ಕವಾಟ ಹಾಕಿಸಿಕೊಂಡವರು ರಕ್ತ ಹೆಪ್ಪುಗಟ್ಟದಂತೆ ಜೀವನಪೂರ್ತಿ ವಾರ್ಫರಿನ್‌ನಂತಹ ಮಾತ್ರೆ ತೆಗೆದುಕೊಳ್ಳಬೇಕು. ಪಿಟಿ-ಐಎನ್‌ಆರ್ ಎಂಬ ರಕ್ತ ಪರೀಕ್ಷೆ ನೋಡಿ ಮಾತ್ರೆಯ ಪ್ರಮಾಣ ಹೆಚ್ಚುಕಡಿಮೆ ಮಾಡುತ್ತಾರೆ.

ಅಂಥ ಹಿರಿಯರೊಬ್ಬರು ಕೊಚ್ಚಿಯ ಮಗನ ಮನೆಯಿಂದ ಹಬ್ಬಕ್ಕೆ ಊರಿಗೆ ಹೋದರು ಎಂದುಕೊಳ್ಳಿ. ಅಲ್ಲಿ ಹಲ್ಲುನೋವು ಬಂತು. ಫೈಲ್ ಕೊಚ್ಚಿಯ ಬೀರುವಿನಲ್ಲಿದೆ. ದಂತವೈದ್ಯರು ಕೇಳಿದರೆ ‘ಬಿಪಿ ಮಾತ್ರೆ ತಗೋತೇನೆ’ ಎನ್ನುತ್ತಾರೆ. ವಾರ್ಫರಿನ್ ತೆಗೆದುಕೊಳ್ಳುವವರಿಗೆ ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ಸೇರಿದರೆ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ‘ಹಲ್ಲು ಕೀಳಿಸಬೇಕು’ ಎಂದು ತಾವೇ ವಾರ್ಫರಿನ್ ನಿಲ್ಲಿಸಿದರೆ ಕವಾಟದಲ್ಲಿ ರಕ್ತ ಹೆಪ್ಪುಗಟ್ಟಬಹುದು. ಇಲ್ಲಿ ವೈದ್ಯರ ಜ್ಞಾನಕ್ಕೆ ಕೊರತೆಯಿಲ್ಲ. ಅವರ ಮುಂದೆ ಇರಬೇಕಾದ ಒಂದು ಹಾಳೆ ಇರಲಿಲ್ಲ, ಅಷ್ಟೇ.

ಔಷಧದ ಹೆಸರಿನದೂ ಇದೇ ಕಥೆ. ಡೋಲೋ ಮತ್ತು ಕ್ಯಾಲ್ಪಾಲ್ ಎರಡೂ ಪ್ಯಾರಾಸಿಟಮಾಲ್. ಒಂದು ಊರಿನ ವೈದ್ಯರು ಒಂದು ಬರೆದರು, ಇನ್ನೊಂದು ಊರಿನವರು ಇನ್ನೊಂದು ಬರೆದರು. ಎರಡನ್ನೂ ನುಂಗಿದರೆ ಪ್ರಮಾಣ ದುಪ್ಪಟ್ಟಾಗಿ ಯಕೃತ್ತಿಗೆ ಹಾನಿಯಾಗಬಹುದು.

*ಕಂಪ್ಯೂಟರ್ ನಿಂತೇ ಹೋದರೆ?*

2024ರ ಏಪ್ರಿಲ್ ಕೊನೆಯಲ್ಲಿ ತಿರುವನಂತಪುರದ ರೀಜನಲ್ ಕ್ಯಾನ್ಸರ್ ಸೆಂಟರ್‌ನ ಸರ್ವರ್‌ಗಳ ಮೇಲೆ ಸೈಬರ್ ದಾಳಿ ನಡೆಯಿತು. ವಿಕಿರಣ ಚಿಕಿತ್ಸೆ ಕೆಲವು ದಿನ ನಿಂತಿತು. ಯಂತ್ರ ಅಲ್ಲೇ ಇದೆ, ವೈದ್ಯರು ಅಲ್ಲೇ ಇದ್ದಾರೆ, ಮತ್ತೇಕೆ ನಿಲ್ಲಬೇಕು? ವಿಕಿರಣ ಚಿಕಿತ್ಸೆಯಲ್ಲಿ ಯಾವ ಕೋನದಿಂದ, ಎಷ್ಟು ಪ್ರಮಾಣ, ಎಷ್ಟು ಹೊತ್ತು ಕಿರಣ ಬೀಳಬೇಕು ಎಂಬ ಲೆಕ್ಕ ಪ್ರತಿ ರೋಗಿಗೂ ಬೇರೆ. ಆ ಲೆಕ್ಕ ಕಂಪ್ಯೂಟರ್‌ನಿಂದ ಯಂತ್ರಕ್ಕೆ ಹೋಗಬೇಕು. ಲೆಕ್ಕ ಸಿಗದಿದ್ದರೆ ಯಂತ್ರ ಚಾಲೂ ಮಾಡುವಂತಿಲ್ಲ.

ಇದಕ್ಕೂ ಮೊದಲು 2022ರ ನವೆಂಬರ್ 23ರಂದು ದೆಹಲಿಯ ಏಮ್ಸ್‌ನಲ್ಲಿ ಹೀಗೇ ಆಯಿತು. ಐದು ಸರ್ವರ್‌ಗಳಲ್ಲಿದ್ದ ಸುಮಾರು 1.3 ಟೆರಾಬೈಟ್ ಮಾಹಿತಿಗೆ ದಾಳಿಕೋರರು ಬೀಗ ಹಾಕಿದರು. ಸುಮಾರು ಎರಡು ವಾರ ನೋಂದಣಿ, ಲ್ಯಾಬ್ ರಿಪೋರ್ಟ್, ಬಿಲ್ ಇತ್ಯಾದಿ ಕೆಲಸವನ್ನು ಕೈಬರಹದಲ್ಲಿ ನಡೆಸಬೇಕಾಯಿತು. ಇಂಥ ದಿನಗಳಲ್ಲಿ ಕೈಯಲ್ಲಿ ಪ್ರತಿ ಇಟ್ಟುಕೊಂಡ ರೋಗಿಯ ಕೆಲಸ ಬೇಗ ಮುಂದುವರಿಯುತ್ತದೆ.

ಕಂಪ್ಯೂಟರ್ ಮಾತ್ರವಲ್ಲ, ರಸ್ತೆಯೂ ನಿಲ್ಲಬಹುದು. 2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಸಮಯದಲ್ಲಿ ಕರ್ನಾಟಕ ಗಡಿ ಮುಚ್ಚಿದಾಗ ತಲಪಾಡಿ ದಾಟಿ ಮಂಗಳೂರಿಗೆ ಹೋಗುತ್ತಿದ್ದ ಕಾಸರಗೋಡಿನ ರೋಗಿಗಳು ಸಿಕ್ಕಿಹಾಕಿಕೊಂಡರು. ವಿಷಯ ಕೇರಳ ಹೈಕೋರ್ಟ್ ಮತ್ತು ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. ಅಂಥ ಹೊತ್ತಿನಲ್ಲಿ ಬೇರೆ ಆಸ್ಪತ್ರೆಗೆ ಹೋದರೆ, ಅಲ್ಲಿಯ ವೈದ್ಯರು ಹಿಂದಿನ ಚಿಕಿತ್ಸೆಯನ್ನು ತಿಳಿಯುವುದು ನಿಮ್ಮ ಕೈಚೀಲದಲ್ಲಿರುವ ಕಾಗದದಿಂದಲೇ.

*ಸರ್ಕಾರ ಏನು ಮಾಡಿದೆ?*

ಎರಡು ವ್ಯವಸ್ಥೆ ತಿಳಿದಿರಲಿ.

1. *ಕೇರಳದ ಇ-ಹೆಲ್ತ್:* ಸರ್ಕಾರಿ ಆಸ್ಪತ್ರೆಗಳನ್ನು ಒಂದೇ ಜಾಲಕ್ಕೆ ತರುವ ಯೋಜನೆ. ರೋಗಿಗೆ ಯುಎಚ್‌ಐಡಿ ಎಂಬ ಸಂಖ್ಯೆ ಸಿಗುತ್ತದೆ. ಈ ಜಾಲದಲ್ಲಿರುವ ಆಸ್ಪತ್ರೆಗಳಿಗೆ ಆನ್‌ಲೈನ್‌ನಲ್ಲೇ ಒಪಿ ಟಿಕೆಟ್ ಮಾಡಿಸಬಹುದು. ಒಮ್ಮೆ ಸಂಖ್ಯೆ ಸಿಕ್ಕಿದ ಮೇಲೆ ಪ್ರತಿ ಸಲವೂ ಅದನ್ನೇ ಹೇಳಿ, ಹೊಸದು ಮಾಡಿಸಬೇಡಿ.

2. *ಕೇಂದ್ರದ ಆಭಾ:* 2021ರ ಸೆಪ್ಟೆಂಬರ್ 27ರಂದು ದೇಶಾದ್ಯಂತ ಶುರುವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್‌ನ 14 ಅಂಕಿಯ ಸಂಖ್ಯೆ ಇದು. ಉಚಿತ. ಆಧಾರ್ ಅಥವಾ ಡ್ರೈವಿಂಗ್ ಲೈಸೆನ್ಸ್ ಬಳಸಿ ಮಾಡಿಸಬಹುದು. ಕರ್ನಾಟಕ, ಕೇರಳ ಎರಡರಲ್ಲೂ ನಡೆಯುತ್ತದೆ.

ಆದರೆ ಆಭಾ ಬಗ್ಗೆ ಮೂರು ತಪ್ಪು ಕಲ್ಪನೆ ಬೇಡ. ಇದು ವಿಮೆ ಅಲ್ಲ. 5 ಲಕ್ಷ ರೂಪಾಯಿಯ ಆಯುಷ್ಮಾನ್ ಕಾರ್ಡ್ ಬೇರೆ, ಆಭಾ ಬೇರೆ. ಸಂಖ್ಯೆ ಮಾಡಿಸಿದ ಕೂಡಲೇ ಹಳೆಯ ದಾಖಲೆಗಳೆಲ್ಲ ತಾನಾಗಿ ಬಂದು ಸೇರುವುದಿಲ್ಲ. ಆಸ್ಪತ್ರೆಯೂ ಆ ಜಾಲದಲ್ಲಿದ್ದು, ನಿಮ್ಮ ದಾಖಲೆಯನ್ನು ಜೋಡಿಸಬೇಕು. ದಾಖಲೆ ಇನ್ನೊಬ್ಬ ವೈದ್ಯರಿಗೆ ಕಾಣಬೇಕಾದರೆ ನೀವು ಒಪ್ಪಿಗೆ ಕೊಡಬೇಕು. ಹಾಗಾಗಿ ಆಭಾ ಇದ್ದರೂ ಕೈಯಲ್ಲಿ ಪ್ರತಿ ಇರಲೇಬೇಕು.

*ದಾಖಲೆ ಕೇಳುವುದು ನಿಮ್ಮ ಹಕ್ಕು*

‘ಕೇಳಿದರೆ ಡಾಕ್ಟರು ಏನೆಂದುಕೊಳ್ಳುತ್ತಾರೋ’ ಎಂಬ ಸಂಕೋಚ ಬೇಡ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮದ ಪ್ರಕಾರ ಒಳರೋಗಿಯ ದಾಖಲೆಯನ್ನು ಚಿಕಿತ್ಸೆ ಶುರುವಾದ ದಿನದಿಂದ 3 ವರ್ಷ ಇಡಬೇಕು. ರೋಗಿ ಅಥವಾ ಅವರು ಅಧಿಕಾರ ಕೊಟ್ಟವರು ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಬಾಯಿಮಾತಿನಲ್ಲಿ ಕೇಳುವ ಬದಲು ಬಿಳಿ ಹಾಳೆಯಲ್ಲಿ ಬರೆದು, ಮೆಡಿಕಲ್ ರೆಕಾರ್ಡ್ಸ್ ವಿಭಾಗಕ್ಕೆ ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ಮೂರು ವರ್ಷ ಎಂಬುದನ್ನು ನೆನಪಿಡಿ. ಹತ್ತು ವರ್ಷದ ಹಿಂದಿನ ಆಪರೇಷನ್ ವಿವರ ಈಗ ಆಸ್ಪತ್ರೆಯಲ್ಲಿ ಸಿಗದೇ ಹೋಗಬಹುದು.

*ಮನೆಯಲ್ಲಿ ಏನೇನು ಇರಬೇಕು?*

1. *ಒಂದು ಹಾಳೆಯ ಸಾರಾಂಶ.* ಪ್ರತಿಯೊಬ್ಬರಿಗೂ ಬೇರೆ ಬೇರೆ. ಹೆಸರು, ಹುಟ್ಟಿದ ದಿನಾಂಕ, ರಕ್ತದ ಗುಂಪು, ಇರುವ ಕಾಯಿಲೆ, ಆದ ಆಪರೇಷನ್ ಮತ್ತು ವರ್ಷ, ಅಲರ್ಜಿ, ಈಗಿನ ಔಷಧ, ಮನೆಯವರ ಫೋನ್. ಔಷಧದ ಬ್ರ್ಯಾಂಡ್ ಹೆಸರಿನ ಜೊತೆ ಒಳಗಿರುವ ಮದ್ದಿನ ಹೆಸರನ್ನೂ ಬರೆಯಿರಿ. ಅದು ಮಾತ್ರೆಯ ಪಟ್ಟಿಯ ಮೇಲೆ ಸಣ್ಣ ಅಕ್ಷರದಲ್ಲಿರುತ್ತದೆ. ಹಾಳೆ ಇಂಗ್ಲಿಷಿನಲ್ಲಿರಲಿ, ಮಲಯಾಳಿ ವೈದ್ಯರಿಗೂ ಕನ್ನಡದ ವೈದ್ಯರಿಗೂ ಅರ್ಥವಾಗುತ್ತದೆ.

2. *ಡಿಸ್ಚಾರ್ಜ್ ಸಾರಾಂಶ.* ಮನೆಗೆ ಹೊರಡುವ ಮೊದಲು ಅಲ್ಲೇ ಓದಿ ನೋಡಿ. ಹೆಸರು, ವಯಸ್ಸು, ಎಡ-ಬಲ, ಅಲರ್ಜಿ, ಔಷಧದ ಪ್ರಮಾಣ ಸರಿಯಿದೆಯೇ? ಹಳೆಯ ಬರಹವನ್ನು ನಕಲು ಮಾಡಿ ಅಂಟಿಸುವಾಗ ಕಂಪ್ಯೂಟರ್‌ನಲ್ಲಿ ತಪ್ಪು ಉಳಿದುಬಿಡುವುದುಂಟು. ಆಗಲೇ ತಿದ್ದಿಸುವುದು ಸುಲಭ.

3. *ಸ್ಕ್ಯಾನ್‌ನ ಸಿಡಿ.* ಸಿಟಿ, ಎಂಆರ್‌ಐ ಆದರೆ ರಿಪೋರ್ಟ್ ಮತ್ತು ಫಿಲ್ಮ್ ಮಾತ್ರ ಸಾಲದು. ಚಿತ್ರಗಳ ಸಿಡಿ ಅಥವಾ ಪೆನ್‌ಡ್ರೈವ್ ಪ್ರತಿ ಕೇಳಿ. ಮುಂದಿನ ವೈದ್ಯರು ಚಿತ್ರವನ್ನು ತಾವೇ ನೋಡಬಹುದು, ಮತ್ತೆ ಸ್ಕ್ಯಾನ್ ಮಾಡಿಸುವ ಖರ್ಚು ಉಳಿಯಬಹುದು.

4. *ಬಯಾಪ್ಸಿಯ ಸ್ಲೈಡ್ ಮತ್ತು ಬ್ಲಾಕ್.* ಇದು ಹೆಚ್ಚಿನವರಿಗೆ ಗೊತ್ತಿಲ್ಲ. ಮಂಗಳೂರಿನಲ್ಲಿ ಬಯಾಪ್ಸಿ ಆಗಿ ತಿರುವನಂತಪುರಕ್ಕೆ ಹೋಗುವುದಾದರೆ ಲ್ಯಾಬ್‌ನಿಂದ ಗಾಜಿನ ಸ್ಲೈಡ್ ಮತ್ತು ಮೇಣದ ಬ್ಲಾಕ್ ಪಡೆದುಕೊಂಡು ಹೋಗಿ. ಕ್ಯಾನ್ಸರ್ ಆಸ್ಪತ್ರೆಗಳು ಸಾಮಾನ್ಯವಾಗಿ ಅದನ್ನು ತಾವೇ ಮರುಪರೀಕ್ಷೆ ಮಾಡುತ್ತವೆ. ಇಲ್ಲದಿದ್ದರೆ ಅದಕ್ಕಾಗಿಯೇ ಮತ್ತೊಮ್ಮೆ ರೈಲು ಹತ್ತಬೇಕಾಗುತ್ತದೆ.

5. *ಒಂದೇ ಕಾಗುಣಿತ.* ಆಧಾರ್‌ನಲ್ಲಿರುವ ಹೆಸರನ್ನೇ ಎಲ್ಲ ಕೌಂಟರ್‌ನಲ್ಲೂ ಕೊಡಿ. ಬಾಯಲ್ಲಿ ಹೇಳದೆ ಕಾರ್ಡ್ ತೋರಿಸಿ.

6. *ದಿನಾಂಕದ ಕ್ರಮ.* ಹೊಸ ಕಾಗದ ಮೇಲೆ, ಹಳೆಯದು ಕೆಳಗೆ. ಪ್ರತಿಯೊಂದರ ಫೋಟೋವನ್ನು ಮನೆಯ ಇಬ್ಬರ ಫೋನಿನಲ್ಲಾದರೂ ಇಡಿ. ಬಿಸಿಲಿಗೆ ಅಳಿಸಿಹೋಗುವ ಥರ್ಮಲ್ ಪೇಪರ್ ರಿಪೋರ್ಟ್‌ಗಳನ್ನು ಅಂದೇ ಜೆರಾಕ್ಸ್ ಮಾಡಿಸಿ.

*ಮದ್ದಿನ ಕವರ್ ಮೇಲಿನ ಮಲಯಾಳ*

ಮಲಯಾಳ ಓದಲು ಬಾರದವರು ಔಷಧ ಅಂಗಡಿಯಲ್ಲೇ ಓದಿಸಿ, ಪಕ್ಕದಲ್ಲಿ ಕನ್ನಡದಲ್ಲಿ ಬರೆದುಕೊಳ್ಳಿ. ‘ರಾವಿಲೆ’ ಎಂದರೆ ಬೆಳಿಗ್ಗೆ, ‘ಉಚ್ಚಯ್ಕ್ಕು’ ಎಂದರೆ ಮಧ್ಯಾಹ್ನ, ‘ರಾತ್ರಿ’ ನಮ್ಮ ರಾತ್ರಿಯೇ. ‘ಭಕ್ಷಣತ್ತಿನು ಮುಂಪು’ ಎಂದರೆ ಊಟಕ್ಕೆ ಮೊದಲು. ‘ಭಕ್ಷಣತ್ತಿನು ಶೇಷಂ’ ಎಂದರೆ ಊಟ ಆದ ಮೇಲೆ. ನಮ್ಮ ಭಾಷೆಯ ‘ಶೇಷ’ ನೆನಪಾಗಿ ‘ಉಳಿದದ್ದು’ ಎಂದು ತಿಳಿಯಬೇಡಿ. ಸಂದೇಹವಿದ್ದರೆ ಕೇರಳದ ದಿಶಾ ಆರೋಗ್ಯ ಸಹಾಯವಾಣಿ 1056ಕ್ಕೆ ಕರೆ ಮಾಡಿ ಕೇಳಬಹುದು.

*ಕೊನೆಯದಾಗಿ: ದಾಖಲೆ ಎಲ್ಲರಿಗೂ ಕಳಿಸುವ ವಸ್ತುವಲ್ಲ*

2020ರ ಏಪ್ರಿಲ್‌ನಲ್ಲಿ ಕೋವಿಡ್ ಮಾಹಿತಿಯನ್ನು ನಿರ್ವಹಿಸಲು ಕೇರಳ ಸರ್ಕಾರ ಸ್ಪ್ರಿಂಕ್ಲರ್ ಎಂಬ ಅಮೆರಿಕದ ಕಂಪನಿಯ ನೆರವು ಪಡೆದದ್ದು ದೊಡ್ಡ ವಿವಾದವಾಯಿತು. ಏಪ್ರಿಲ್ 24ರಂದು ಕೊಚ್ಚಿಯಲ್ಲಿರುವ ಕೇರಳ ಹೈಕೋರ್ಟ್ ಮಧ್ಯಂತರ ಆದೇಶ ಕೊಟ್ಟು, ಜನರ ಗುರುತು ತೆಗೆದ ನಂತರವೇ ಮಾಹಿತಿ ಕಂಪನಿಗೆ ಸಿಗಬೇಕು, ಜನರಿಗೆ ತಿಳಿಸಿ ಒಪ್ಪಿಗೆ ಪಡೆಯಬೇಕು ಎಂದು ಹೇಳಿತು. ಕಾಯಿಲೆಯ ಮಾಹಿತಿ ರೋಗಿಗೆ ಸೇರಿದ್ದು ಎಂಬುದನ್ನು ನಾವೂ ಮನೆಯಲ್ಲಿ ಪಾಲಿಸಬೇಕು. ಅತ್ತೆಯ ರಿಪೋರ್ಟನ್ನು ಇನ್ನೂರು ಜನರ ಗುಂಪಿಗೆ ಹಾಕಿ ‘ಇದಕ್ಕೇನು ಮಾಡಬೇಕು?’ ಎಂದು ಕೇಳಬೇಡಿ. ವೈದ್ಯರಿಗೆ ಮತ್ತು ನೋಡಿಕೊಳ್ಳುವವರಿಗೆ ಮಾತ್ರ ಕಳಿಸಿ. ‘ಆಭಾ ಕಾರ್ಡ್ ಮಾಡಿಕೊಡುತ್ತೇವೆ, ಒಟಿಪಿ ಹೇಳಿ’ ಎಂದು ಫೋನ್ ಬಂದರೆ ಇಟ್ಟುಬಿಡಿ.

ಈ ಭಾನುವಾರ ಅರ್ಧ ಗಂಟೆ ಬಿಡುವು ಮಾಡಿಕೊಂಡು ಮನೆಯ ಹಿರಿಯರ ಒಂದು ಹಾಳೆಯ ಸಾರಾಂಶ ಬರೆದುಬಿಡಿ. ಮುಂದಿನ ಸಲ ಊರಿಗೆ ಹೊರಡುವಾಗ ಬಟ್ಟೆಯ ಜೊತೆ ಅದೂ ಬ್ಯಾಗಿಗೆ ಹೋಗಲಿ.

_ಈ ಲೇಖನ ತಿಳಿವಳಿಕೆಗಾಗಿ ಮಾತ್ರ. ಯಾವುದೇ ಔಷಧ ಶುರು ಮಾಡುವ, ನಿಲ್ಲಿಸುವ ಅಥವಾ ಬದಲಿಸುವ ಮೊದಲು ನಿಮ್ಮ ವೈದ್ಯರನ್ನು ಕೇಳಿ. ಉಪಯೋಗವಾದರೆ ಕೇರಳದಲ್ಲಿರುವ ನಿಮ್ಮ ಬಂಧುಗಳಿಗೂ ಕಳಿಸಿ._