ಮರಿ ಉಚ್ಚೆ ಹೊಯ್ಯುವ ಹೊತ್ತು

ಹೊಸದಾಗಿ ಬಂದ ನಾಯಿಮರಿ ಹಾಲ್‌ನ ನಡುವೆ ಉಚ್ಚೆ ಹೊಯ್ದರೆ ಅದರ ಕತ್ತು ಹಿಡಿದು, ಮೂತಿಯನ್ನು ಒದ್ದೆಗೆ ಉಜ್ಜಿ, ಎರಡೇಟು ಕೊಟ್ಟು ಹೊರಗೆ ತಳ್ಳುವುದು ಎಷ್ಟೋ ಮನೆಗಳ ರೂಢಿ. ಹಾಗೆ ಮಾಡಿದರೇ ಬುದ್ಧಿ ಬರುತ್ತದೆ ಎಂಬ ನಂಬಿಕೆ ಬಹಳ ಗಟ್ಟಿ. ಆದರೆ ಎರಡು ತಿಂಗಳ ಮರಿ ಬೇಕೆಂದು ಗಲೀಜು ಮಾಡುವುದಿಲ್ಲ. ಅದರ ಮೂತ್ರಕೋಶ ಚಿಕ್ಕದು, ಬಿಗಿಹಿಡಿಯುವ ಹತೋಟಿ ಇನ್ನೂ ಬಂದಿರುವುದಿಲ್ಲ. ಹುಟ್ಟಿದ ಮೊದಲ ಎರಡು ಮೂರು ವಾರವಂತೂ ತಾಯಿ ನೆಕ್ಕಿ ಪ್ರಚೋದಿಸಿದರೆ ಮಾತ್ರ ಮರಿ ಉಚ್ಚೆ ಹೊಯ್ಯುತ್ತದೆ. ಕಾಲು ಗಟ್ಟಿಯಾಗುತ್ತಲೇ ಮಲಗುವ ಜಾಗ ಬಿಟ್ಟು ತಡವರಿಸುತ್ತ ಆಚೆ ಹೋಗಿ ಹೊಯ್ದು ಬರಲು ಶುರುಮಾಡುತ್ತದೆ. ಮಲಗಿದಲ್ಲಿ ಗಲೀಜು ಮಾಡಬಾರದೆಂಬುದು ಯಾರೂ ಕಲಿಸದೆಯೇ ಅದಕ್ಕೆ ಗೊತ್ತು. ಇಡೀ ಮನೆಯೂ ಮಲಗುವ ಜಾಗದಂತೆಯೇ ಎಂದು ತಿಳಿಸಿಕೊಡುವುದಷ್ಟೇ ನಮ್ಮ ಪಾಲಿನ ಕೆಲಸ.

ಅದಕ್ಕೆ ಬೇಕಾದದ್ದು ಹೊತ್ತಿನ ಮೇಲಿನ ಗಮನ. ಮರಿಗೆ ಎಷ್ಟು ತಿಂಗಳೋ ಅದಕ್ಕೆ ಒಂದು ಸೇರಿಸಿದಷ್ಟು ಗಂಟೆ ತಡೆದುಕೊಳ್ಳಬಲ್ಲದು ಎಂಬುದು ತರಬೇತುದಾರರ ಅಂದಾಜು. ಎರಡು ತಿಂಗಳ ಮರಿಗೆ ಹೆಚ್ಚೆಂದರೆ 3 ಗಂಟೆ, ಅದೂ ಸುಮ್ಮನೆ ಮಲಗಿದ್ದರೆ. ನಿದ್ದೆಯಿಂದ ಎದ್ದೊಡನೆ, ಆಟ ಮುಗಿದೊಡನೆ ಉಚ್ಚೆ ಬರುತ್ತದೆ. ಹೊಟ್ಟೆಗೆ ಊಟ ಬೀಳುತ್ತಲೇ ದೊಡ್ಡ ಕರುಳು ಚುರುಕಾಗುವುದರಿಂದ, ತಿಂದ ಸ್ವಲ್ಪ ಹೊತ್ತಿಗೇ ಕಕ್ಕ. ಬಟ್ಟಲು ತುಂಬಿಸಿ ದಿನವಿಡೀ ಇಟ್ಟರೆ ಈ ಲೆಕ್ಕ ಸಿಗುವುದಿಲ್ಲ. ಊಟಕ್ಕೆ ಹೊತ್ತು ಗೊತ್ತುಮಾಡಬೇಕು. ಮರಿಯೂ ಸೂಚನೆ ಕೊಡುತ್ತದೆ. ಆಡುತ್ತಿದ್ದದ್ದು ತಟ್ಟನೆ ಆಟ ಬಿಟ್ಟು, ಮೂಗನ್ನು ನೆಲಕ್ಕಿಟ್ಟು, ಒಂದೇ ಕಡೆ ಸುತ್ತು ಹಾಕುತ್ತ ಹಿಂಗಾಲು ಮಡಚತೊಡಗುತ್ತದೆ. ಅಷ್ಟರಲ್ಲಿ ಎತ್ತಿಕೊಂಡು ಹಿತ್ತಲಿಗೆ, ದಿನವೂ ಅದೇ ಮೂಲೆಗೆ ಒಯ್ಯಬೇಕು. ಹೊಯ್ದು ಮುಗಿಸಿದ ಆ ಕ್ಷಣದಲ್ಲೇ ಬೆನ್ನು ಸವರಿ ಒಂದು ಚೂರು ತಿಂಡಿ ಕೊಡಬೇಕು. ಒಳಗೆ ಬಂದ ಮೇಲೆ ಕೊಟ್ಟರೆ, ಒಳಗೆ ಬಂದದ್ದಕ್ಕೆ ಸಿಕ್ಕಿತು ಎಂದೇ ಅದು ಅಂದುಕೊಳ್ಳುತ್ತದೆ.

ಬೈದಾಗ ಕಿವಿ ಮಡಚಿ ತಲೆ ತಗ್ಗಿಸುತ್ತದಲ್ಲ, ತಪ್ಪು ಗೊತ್ತಾಗಿದೆ ಎಂದೇ ಅರ್ಥವಲ್ಲವೇ ಎಂದು ಕೇಳುವವರಿದ್ದಾರೆ. ಇದನ್ನೇ ನ್ಯೂಯಾರ್ಕಿನ ಬಾರ್ನಾರ್ಡ್ ಕಾಲೇಜಿನ ಸಂಶೋಧಕಿ ಅಲೆಕ್ಸಾಂಡ್ರಾ ಹೊರೊವಿಟ್ಸ್ 2009ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಪರೀಕ್ಷಿಸಿದರು. ತಿನ್ನಬೇಡ ಎಂದು ಹೇಳಿ ತಿಂಡಿ ಇಟ್ಟು ಯಜಮಾನರು ಹೊರಹೋಗುತ್ತಿದ್ದರು. ಮರಳಿದಾಗ ನಾಯಿ ತಿಂದಿತೋ ಇಲ್ಲವೋ ಎಂಬ ಸುದ್ದಿಯನ್ನು ಅವರಿಗೆ ಕೆಲವೊಮ್ಮೆ ಸುಳ್ಳಾಗಿ ಹೇಳಲಾಗುತ್ತಿತ್ತು. ತಿಂದ ನಾಯಿಯೂ ತಿನ್ನದ ನಾಯಿಯೂ ಬೈಸಿಕೊಂಡಾಗ ಅದೇ ಅಪರಾಧಿ ಮುಖ ಮಾಡಿದವು. ಆ ಮುಖ ಹೇಳುವುದು ನಮ್ಮ ಸಿಟ್ಟಿಗೆ ಅದು ಹೆದರಿದೆ ಎಂದು. ಹಾಗೆ ಹೆದರಿದ ಮರಿ ಉಚ್ಚೆ ನಿಲ್ಲಿಸುವುದಿಲ್ಲ, ನಮ್ಮೆದುರು ಹೊಯ್ಯುವುದನ್ನು ನಿಲ್ಲಿಸುತ್ತದೆ. ಸೋಫಾದ ಹಿಂದೆ, ಮಂಚದ ಕೆಳಗೆ ಜಾಗ ಹುಡುಕಿಕೊಳ್ಳುತ್ತದೆ. ಹಿತ್ತಲಿಗೆ ಕರೆದೊಯ್ದರೂ ನಾವು ಪಕ್ಕದಲ್ಲಿದ್ದೇವೆಂದು ತಡೆದುಕೊಂಡು, ಒಳಗೆ ಬಂದು ಹೊಯ್ಯುತ್ತದೆ. ಅದನ್ನು ಹಟಮಾರಿತನವೆಂದು ತಿಳಿದು ಮತ್ತೆ ಹೊಡೆಯುವ ಮನೆಗಳನ್ನು ನೆನೆದರೆ ಸಂಕಟವಾಗುತ್ತದೆ.

ಇದೆಲ್ಲ ಹಿತ್ತಲಿದ್ದವರಿಗಾಯಿತು, ನಾಲ್ಕನೇ ಮಹಡಿಯಲ್ಲಿರುವವರು ಏನು ಮಾಡಬೇಕು ಎಂಬ ಆಕ್ಷೇಪಕ್ಕೆ ಹುರುಳಿದೆ. ಲಸಿಕೆಗಳು ಮುಗಿಯುವುದು ಸಾಮಾನ್ಯವಾಗಿ 16 ವಾರಕ್ಕೆ. ಮರಿಗಳಿಗೆ ಮಾರಕವಾದ ಪಾರ್ವೊ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಲಸಿಕೆ ಮುಗಿಯುವವರೆಗೆ ಬೀದಿನಾಯಿಗಳು ಓಡಾಡುವ ಪಾರ್ಕಿಗೆ ಮರಿಯನ್ನು ಬಿಡುವಂತಿಲ್ಲ. ಬಾಲ್ಕನಿಯಲ್ಲಿ ಪೇಪರ್ ಹಾಸಬಹುದು, ಆದರೆ ಈ ವಯಸ್ಸಿನಲ್ಲಿ ಪಾದದಡಿ ಏನಿರುತ್ತದೋ ಅದೇ ರೂಢಿಯಾಗುತ್ತದೆ. ಮುಂದೆ ಮಣ್ಣಿನ ಮೇಲೆ ಹೋಗಬೇಕೆಂದಿದ್ದರೆ ಅಗಲವಾದ ಟ್ರೇಯಲ್ಲಿ ಹುಲ್ಲುಹಾಸು ಇಡುವುದು ಮೇಲು. ಇನ್ನು, ಬೆಳಗ್ಗೆ ಒಂಬತ್ತಕ್ಕೆ ಬೀಗ ಹಾಕಿ ಸಂಜೆ ಆರಕ್ಕೆ ತೆಗೆಯುವ ಮನೆಯಲ್ಲಿ ಎರಡು ತಿಂಗಳ ಮರಿ ಗಲೀಜು ಮಾಡದಿರಲು ಸಾಧ್ಯವೇ ಇಲ್ಲ. ನಡುವೆ ಬಂದು ನೋಡುವವರು ಯಾರೂ ಇಲ್ಲದಿದ್ದರೆ ಮರಿ ತರುವುದನ್ನು ಮುಂದಕ್ಕೆ ಹಾಕುವುದೇ ಸರಿ.

ಹೊಯ್ದ ಜಾಗವನ್ನು ಬರೀ ಫಿನಾಯಿಲ್ ಹಾಕಿ ಒರೆಸಿದರೆ ಸಾಲದು. ನಮ್ಮ ಮೂಗಿಗೆ ವಾಸನೆ ಮುಚ್ಚಿಹೋದರೂ ಮರಿಯ ಮೂಗಿಗೆ ಅದು ಸಿಗುತ್ತದೆ, ಮತ್ತೆ ಅಲ್ಲಿಗೇ ಬರುತ್ತದೆ. ಮೂತ್ರದ ಅಂಶವನ್ನೇ ಒಡೆಯುವ ಎನ್‌ಜೈಮ್ ಕ್ಲೀನರ್ ಸಾಕುಪ್ರಾಣಿ ಅಂಗಡಿಗಳಲ್ಲಿ ಸಿಗುತ್ತದೆ. ಚೆನ್ನಾಗಿ ಕಲಿತಿದ್ದ ನಾಯಿ ಇದ್ದಕ್ಕಿದ್ದಂತೆ ಒಳಗೆ ತೊಟ್ಟು ತೊಟ್ಟಾಗಿ ಹೊಯ್ಯತೊಡಗಿದರೆ ಮೂತ್ರನಾಳದ ಸೋಂಕಿರಬಹುದು. ಆಗ ಪಶುವೈದ್ಯರ ಹತ್ತಿರ ಹೋಗಲು ತಡಮಾಡಬಾರದು.